ಮಳಖೇಡ: ಮೊದಲ ನೋಟಕ್ಕೆ ದಕ್ಕದ ರಾಜಧಾನಿ

ರಾಜಸ್ಥಾನದ ಜೈಸಲ್ಮೇರಿಗೆ ಮೊದಲ ಸಲ ಹೋಗುವ ಪ್ರವಾಸಿಗೆ ಊರನ್ನು ಯಾರೂ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಥಾರ್ ಮರುಭೂಮಿಯ ಬಯಲಿನ ನಡುವೆ ತ್ರಿಕೂಟವೆಂಬ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಹಳದಿ ಕಲ್ಲಿನ ಕೋಟೆ. 1156ರಲ್ಲಿ ರಾವಲ್ ಜೈಸಲ್ ಎಂಬ ಅರಸ ಅಡಿಗಲ್ಲು ಹಾಕಿದ ಆ ಕೋಟೆ ಸಂಜೆಯ ಬಿಸಿಲಿಗೆ ಚಿನ್ನದ ಬಣ್ಣ ತಾಳುತ್ತದೆ. ಮೈಲುಗಟ್ಟಲೆ ದೂರದಿಂದಲೇ ಕಣ್ಣಿಗೆ ಬೀಳುವ ಊರು ಅದು. ಒಳಗೆ ಇಂದಿಗೂ ಜನ ವಾಸವಾಗಿದ್ದಾರೆ. ನಮ್ಮ ಶಾಲೆ ಕಾಲೇಜುಗಳ ಮಕ್ಕಳಿಗೆ 'ಐತಿಹಾಸಿಕ ನಗರ' ಎಂದರೆ ಮನಸ್ಸಿನಲ್ಲಿ ಮೂಡುವ ಚಿತ್ರವೂ ಇಂಥದೇ.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಮೊದಲ ಸಲ ಬರುವವನ ಅನುಭವ ಇದಕ್ಕೆ ತೀರ ವಿರುದ್ಧ. ಒಂದು ಕಾಲದಲ್ಲಿ ಮಾನ್ಯಖೇಟವೆಂದು ಹೆಸರಾಗಿ, ಸುಮಾರು ಒಂದೂವರೆ ಶತಮಾನ ರಾಷ್ಟ್ರಕೂಟರ ರಾಜಧಾನಿಯಾಗಿ, ದಖನ್ನಿನ ಬಹುಭಾಗವನ್ನು ಆಳಿದ ಊರು ಇದು. ದೇವೇಂದ್ರನ ಪಟ್ಟಣವನ್ನೂ ನಾಚಿಸುವಂತೆ ಕಟ್ಟಲಾಗಿತ್ತೆಂದು ಆ ವಂಶದ ತಾಮ್ರಶಾಸನವೇ ಬಣ್ಣಿಸುತ್ತದೆ. ಅದನ್ನು ಓದಿಕೊಂಡು ಬಂದ ಪ್ರವಾಸಿ ಬಸ್ಸಿನಿಂದ ಇಳಿದು ಸುತ್ತ ನೋಡುತ್ತಾನೆ. ತೊಗರಿಯ ಹೊಲ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ, ರಸ್ತೆಯ ಮೇಲೆ ಲಾರಿಗಳ ಸಾಲು, ಒಂದು ನದಿ, ಒಂದು ಹಳ್ಳಿ. 'ರಾಜಧಾನಿ ಎಲ್ಲಿ?' ಎಂಬ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತದೆ.

ಈ ಪ್ರಶ್ನೆಯೇನೋ ಸರಿಯಾದದ್ದೇ. ಆದರೆ ಬಹಳ ಜನ ಅದಕ್ಕೆ ಉತ್ತರ ಹುಡುಕದೆ, 'ಇಲ್ಲೇನೂ ಇಲ್ಲ' ಎಂದು ಮುಂದಿನ ಬಸ್ಸು ಹತ್ತಿಬಿಡುತ್ತಾರೆ. ಮೊದಲ ನೋಟದ ಮೇಲೆ ಎಷ್ಟು ಭರವಸೆ ಇಡಬೇಕು, ಎಲ್ಲಿಂದ ಮುಂದೆ ಬೇರೆ ಸಾಕ್ಷಿಗಳನ್ನು ಕೇಳಬೇಕು ಎಂಬುದನ್ನು ಕಲಿಯಲು ಮಳಖೇಡಕ್ಕಿಂತ ಒಳ್ಳೆಯ ಪಾಠಶಾಲೆ ಈ ಭಾಗದಲ್ಲಿ ಇನ್ನೊಂದಿಲ್ಲ.

ಕಲ್ಲಿನ ಸೀಮೆಯ ದಾರಿ

ಕಲಬುರಗಿಯಿಂದ ರೈಲಿನಲ್ಲಿ ಹೊರಟರೆ ಮೊದಲು ಶಹಾಬಾದ್, ನಂತರ ವಾಡಿ. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ-ಚೆನ್ನೈ ಮಾರ್ಗ ಬಿಟ್ಟು ಸಿಕಂದರಾಬಾದಿನ ಕಡೆ ತಿರುಗಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ನಿಜಾಮನ ಕಾಲದಲ್ಲಿ, 1874ರಲ್ಲಿ, ತೆರೆದ ಮಾರ್ಗವಿದು. ರಸ್ತೆಯಿಂದ ಬರುವವರಿಗೆ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ಸೇಡಂನಿಂದ ಸುಮಾರು 18.

ಈ ದಾರಿಯುದ್ದಕ್ಕೂ ಪ್ರವಾಸಿಯ ಕಣ್ಣಿಗೆ ಬೀಳುವ ಮೊದಲ ಸಂಗತಿ ಕಲ್ಲು. ಮನೆಯ ಗೋಡೆ ಕಲ್ಲಿನದು, ನೆಲಕ್ಕೆ ಹಾಸಿದ್ದು ಕಲ್ಲು, ಹಿತ್ತಲಿಗೆ ಬೇಲಿಯಾಗಿ ಸಾಲಾಗಿ ನಿಲ್ಲಿಸಿದ್ದೂ ಕಲ್ಲಿನ ಚಪ್ಪಡಿ. ಜನ ಇದನ್ನು ಪರಸಿ ಎನ್ನುತ್ತಾರೆ. ಹೊರಗಿನವರಿಗೆ ಇದು ಶಹಾಬಾದ್ ಕಲ್ಲು. ಯಂತ್ರ ಬರುವುದಕ್ಕೆ ಎಷ್ಟೋ ಮುಂಚೆಯೇ ಉಳಿ ಸುತ್ತಿಗೆಯಿಂದ ಇದನ್ನು ಹಲಗೆಯಂತೆ ಎಬ್ಬಿಸುತ್ತಿದ್ದರು. ಕಾರಣ, ಇದು ಪದರ ಪದರವಾಗಿ ರೂಪುಗೊಂಡ ಸುಣ್ಣದಕಲ್ಲು. ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದೆ ಈ ಪ್ರದೇಶ ಆಳವಿಲ್ಲದ ಸಮುದ್ರದ ಅಡಿಯಲ್ಲಿತ್ತು. ಆ ನೀರಿನ ತಳದಲ್ಲಿ ಸುಣ್ಣದ ಕೆಸರು ಪದರಗಟ್ಟಿ ಗಟ್ಟಿಯಾಗಿ ಈ ಕಲ್ಲಾಯಿತು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಬಹಳ ಕಾಲದ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖನ್ನಿನ ಲಾವಾ ಹರಿದು ಉತ್ತರದ ಕಡೆಯ ನೆಲವನ್ನು ಮುಚ್ಚಿತು. ಆದ್ದರಿಂದಲೇ ಚಿಂಚೋಳಿಯ ಕಡೆ ಹೋದರೆ ಕಲ್ಲಿನ ಬಣ್ಣ ಬದಲಾಗಿ ಕರಿಗಲ್ಲು, ಜಂಬಿಟ್ಟಿಗೆ, ಕುರುಚಲು ಕಾಡು ಸಿಗುತ್ತವೆ.

ಜೈಸಲ್ಮೇರಿನ ಹಳದಿ ಕಲ್ಲೂ ಸಮುದ್ರದ ಕೂಸೇ. ಆದರೆ ಅದು ವಯಸ್ಸಿನಲ್ಲಿ ಕಿರಿಯದು, ಡೈನೋಸಾರುಗಳು ಬದುಕಿದ್ದ ಜುರಾಸಿಕ್ ಯುಗದ್ದು. ಆ ಕಲ್ಲಿನಲ್ಲಿ ಚಿಪ್ಪುಗಳ ಪಳೆಯುಳಿಕೆ ಸಿಗುತ್ತದೆ. ಶಹಾಬಾದ್ ಕಲ್ಲಿನಲ್ಲಿ ಚಿಪ್ಪು ಹುಡುಕಿದರೆ ಸಿಗದು; ಅದು ಕೆಸರಾಗಿದ್ದ ಕಾಲಕ್ಕೆ ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಗಳೇ ಇನ್ನೂ ಹುಟ್ಟಿರಲಿಲ್ಲ. ಮನೆಯ ಅಂಗಳದ ಪರಸಿಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ಸ್ವಲ್ಪ ಹೊತ್ತು ಹತ್ತಿರದಿಂದ ನೋಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುವುದೇ ಈ ಗುಳ್ಳೆ. ಇದೇ ಕಲ್ಲನ್ನು ಪುಡಿಮಾಡಿ, ಜೇಡಿಮಣ್ಣಿನಂಥ ಪದಾರ್ಥ ಬೆರೆಸಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದರೆ ಸಿಮೆಂಟಿನ ಕ್ಲಿಂಕರ್ ಆಗುತ್ತದೆ. ವಾಡಿ, ಸೇಡಂ, ಮಳಖೇಡದ ಸುತ್ತ ಕಾಣುವ ಚಿಮಣಿಗಳ ಗುಟ್ಟು ಇಷ್ಟೇ.

ಈ ಕಲ್ಲಿಗೆ ಮತ್ತೊಂದು ಗುಣವೂ ಉಂಟು. ಅದರ ಮೇಲೆ ಅಕ್ಷರ, ಚಿತ್ರ ಕೆತ್ತಬಹುದು. ಭೀಮಾ ತೀರದ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿನ ಸುಣ್ಣದಕಲ್ಲಿನ ಫಲಕವೊಂದರ ಮೇಲೆ ಸಾಮ್ರಾಟ ಅಶೋಕನ ಚಿತ್ರವೂ ಅವನ ಹೆಸರೂ ಇವೆ. ಅಂದರೆ ಮಾನ್ಯಖೇಟ ತಲೆಯೆತ್ತುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಸೀಮೆಯ ಜನ ಕಲ್ಲಿಗೆ ಮಾತು ಕಲಿಸಿದ್ದರು.

ಊರೊಳಗೆ ಕಾಲಿಟ್ಟರೆ

ರಾಜಧಾನಿಯೊಂದಕ್ಕೆ ಬೇಕಾದದ್ದು ಏನು? ನೀರು, ಅನ್ನ, ಕಟ್ಟಲು ಕಲ್ಲು. ಮಳಖೇಡದಲ್ಲಿ ಮೂರೂ ಕಣ್ಣೆದುರಿಗೇ ಇವೆ. ತೆಲಂಗಾಣದ ಕಡೆಯಿಂದ ಬರುವ ಕಾಗಿಣಾ ನದಿ ಕೋಟೆಯ ಮಗ್ಗುಲಲ್ಲೇ ಹರಿಯುತ್ತದೆ. ಚಿಂಚೋಳಿಯ ಕಡೆಯ ಮುಲ್ಲಾಮಾರಿಯ ನೀರೂ ಕೊನೆಗೆ ಕಾಗಿಣೆಯನ್ನೇ ಸೇರುತ್ತದೆ. ಸುತ್ತ ಜೋಳ, ತೊಗರಿ ಬೆಳೆಯುವ ಎರೆಭೂಮಿ. ಕೆಳಗೆ ಕಲ್ಲು. ಬೇಸಿಗೆಯ ಬಿಸಿಲು ಮರುಭೂಮಿಯನ್ನು ನೆನಪಿಸುವಂಥದು, ನಿಜ. ಆದರೆ ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರಿಗಿಂತಲೂ ಕಡಿಮೆ ಮಳೆ. ಇಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು.

ಊರೊಳಗೆ ನಡೆದರೆ ಕಾಗಿಣೆಯ ದಡದಲ್ಲಿ ಕೋಟೆಯ ಗೋಡೆ, ಬಾಗಿಲು, ಬುರುಜುಗಳು ಕಾಣುತ್ತವೆ. ಇವುಗಳ ಬಹುಪಾಲು ರಾಷ್ಟ್ರಕೂಟರ ನಂತರ ಬಂದ ಅರಸರ ಕಾಲದಲ್ಲಿ ಕಟ್ಟಿದ್ದು ಅಥವಾ ದುರಸ್ತಿಯಾದದ್ದು. ಹಳ್ಳಿಯ ಮನೆಗಳ ನಡುವೆ ನೇಮಿನಾಥ ಬಸದಿ ಇದೆ. ಅಲ್ಲಿ ಕಂಬಗಳೂ ತೀರ್ಥಂಕರರ ಮೂರ್ತಿಗಳೂ ಇವೆ. 96 ಚಿಕ್ಕ ಮೂರ್ತಿಗಳಿರುವ ಪಂಚಲೋಹದ ಪುಟ್ಟ ಗುಡಿ ಈ ಬಸದಿಯ ಹೆಮ್ಮೆ. ನದಿಯ ದಂಡೆಯಲ್ಲಿ ಮಾಧ್ವ ಪರಂಪರೆಯ ಮಠ, ಊರಲ್ಲಿ ದರ್ಗಾ. ಮೂರು ಧರ್ಮಗಳ ಜನ ಇಂದಿಗೂ ತಮ್ಮ ತಮ್ಮ ನಂಬಿಕೆ ಹೊತ್ತು ಈ ಊರಿಗೆ ಬರುತ್ತಾರೆ.

ಇಷ್ಟೇ. ಅರಮನೆ ಇಲ್ಲ, ಅಗಲವಾದ ಬೀದಿಗಳಿಲ್ಲ, ಗಗನ ಮುಟ್ಟುವ ಗೋಪುರವಿಲ್ಲ. ಕಣ್ಣಿನ ಸಾಕ್ಷಿ ಇಲ್ಲಿಗೆ ಮುಗಿಯುತ್ತದೆ. ಇನ್ನು ಮುಂದೆ ಬೇರೆಯವರ ಸಾಕ್ಷಿ ಕೇಳಬೇಕು. ಈ ನಗರವನ್ನು ಅದರ ಒಳ್ಳೆಯ ದಿನಗಳಲ್ಲಿ ಕಂಡವರು, ಅದರ ಬಗ್ಗೆ ಕೇಳಿದವರು ಬರೆದಿಟ್ಟ ಮಾತುಗಳಿವೆ.

ಅರಬರು ಕೇಳಿದ 'ಮಾನ್ಕೀರ್'

ವರ್ತಕ ಸುಲೈಮಾನನ ಹೆಸರಿನೊಂದಿಗೆ ಕೂಡಿಕೊಂಡಿರುವ ಅರಬ್ಬೀ ಗ್ರಂಥವೊಂದು ಹುಟ್ಟಿದ್ದು 851ರಲ್ಲಿ. ಆಗ ಮಾನ್ಯಖೇಟದ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. ಜಗತ್ತಿನ ನಾಲ್ವರು ದೊಡ್ಡ ಅರಸರು ಯಾರು ಎಂದು ಆ ಗ್ರಂಥ ಹೇಳುತ್ತದೆ: ಅರಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ಅಂದರೆ ಕಾನ್‌ಸ್ಟಾಂಟಿನೋಪಲ್‌ನ ದೊರೆ, ಮತ್ತು 'ಬಲ್ಹರಾ'. ಈ ಬಲ್ಹರಾ ಎಂಬುದು ರಾಷ್ಟ್ರಕೂಟರ 'ವಲ್ಲಭರಾಜ' ಎಂಬ ಬಿರುದಿನ ಅರಬ್ಬೀ ಉಚ್ಚಾರಣೆ. ಕಿವಿ ಚುಚ್ಚಿಸಿಕೊಂಡ ಜನರ ಅರಸ ಎಂದೂ ಅವನನ್ನು ಗುರುತಿಸಲಾಗಿದೆ. ಪರದೇಶದ ವ್ಯಾಪಾರಿಯ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮವರ ಕಿವಿಯ ಆಭರಣ! ಈ ಅರಸರು ಐವತ್ತು ವರ್ಷದವರೆಗೂ ಆಳುವುದುಂಟು ಎಂಬ ಮಾತೂ ಅಲ್ಲಿದೆ. ಅಮೋಘವರ್ಷ 814ರಿಂದ 878ರವರೆಗೆ, ಅಂದರೆ 64 ವರ್ಷ, ಆಳಿದ್ದನ್ನು ನೆನೆದರೆ ಇದು ತೀರ ಉತ್ಪ್ರೇಕ್ಷೆಯಲ್ಲ.

ಬಾಗ್ದಾದಿನ ಅಲ್ ಮಸೂದಿ 915-16ರ ಸುಮಾರಿಗೆ ಭಾರತದ ಪಶ್ಚಿಮ ಕರಾವಳಿಗೆ ಬಂದ. ಖಂಭಾತ್, ಸೈಮೂರ್ ಬಂದರುಗಳನ್ನು ಕಂಡ. ಸೈಮೂರ್ ಎಂದರೆ ಈಗಿನ ಮಹಾರಾಷ್ಟ್ರದ ಚೌಲ್. ಬಲ್ಹರಾನ ರಾಜಧಾನಿ 'ಮಾನ್ಕೀರ್' ಎಂದೂ, ಅಲ್ಲಿನ ಜನರ ಭಾಷೆ 'ಕೀರಿಯಾ' ಎಂದೂ, ಕರಾವಳಿಯ ಭಾಷೆ ಬೇರೆಯೆಂದೂ ಅವನು ಬರೆದ. ಕೀರಿಯಾ ಎಂದರೆ ಕನ್ನಡವೇ ಇರಬೇಕೆಂಬ ಊಹೆಯುಂಟು. ಹೊರಗಿನವನೊಬ್ಬ ಊರಿನ ಹೆಸರಿನ ಜೊತೆಗೆ ಊರಿನ ಮಾತನ್ನೂ ಬೇರೆ ಮಾಡಿ ಗುರುತಿಸಿದ್ದು ಗಮನಿಸಬೇಕಾದ ಸಂಗತಿ.

ಆದರೆ ಮಸೂದಿಯ ಮಾತನ್ನೂ ಪರೀಕ್ಷೆ ಮಾಡಬೇಕು. ರಾಜಧಾನಿ ಸಮುದ್ರದಿಂದ 80 ಸಿಂಧಿ ಫರ್ಸಖ್ ದೂರ, ಒಂದು ಫರ್ಸಖ್‌ಗೆ 8 ಮೈಲಿ ಎನ್ನುತ್ತಾನೆ. ಲೆಕ್ಕ ಹಾಕಿದರೆ 640 ಮೈಲಿ. ಅಂದರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಭೂಪಟದಲ್ಲಿ ಚೌಲ್‌ನಿಂದ ಮಳಖೇಡಕ್ಕೆ ಗೆರೆ ಎಳೆದರೆ 500 ಕಿಲೋಮೀಟರ್ ಕೂಡ ಆಗುವುದಿಲ್ಲ. ರಾಜಧಾನಿ ಬೆಟ್ಟಗಳ ನಡುವೆ ಇರುವುದರಿಂದ ಸೈನ್ಯದಲ್ಲಿ ಕಾಲಾಳುಗಳೇ ಹೆಚ್ಚು ಎಂದೂ ಅವನು ಬರೆಯುತ್ತಾನೆ. ಮಳಖೇಡದ ಸುತ್ತ ನಿಂತು ನೋಡಿದರೆ ಬೆಟ್ಟವೆಲ್ಲಿದೆ? ಕರಾವಳಿಯಲ್ಲಿ ನಿಂತವನಿಗೆ ಎದುರಿಗೆ ಕಂಡದ್ದು ಸಹ್ಯಾದ್ರಿಯ ಗೋಡೆ. ಅದರಾಚೆಯದೆಲ್ಲ ಬೆಟ್ಟದ ನಾಡೆಂದು ಅವನು ತಿಳಿದಿರಬೇಕು. ದೊಡ್ಡ ಪ್ರವಾಸಿಯ ಬರಹದಲ್ಲೂ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಲು ಒಂದು ಭೂಪಟ, ಒಂದು ಗುಣಾಕಾರ ಸಾಕು. ವಿಜ್ಞಾನದ ವಿದ್ಯಾರ್ಥಿ ಇತಿಹಾಸಕ್ಕೆ ಕೊಡಬಹುದಾದ ಸಹಾಯ ಇದು.

ದಣಿದು ಬಂದ ಕವಿ

ಮಾನ್ಯಖೇಟಕ್ಕೆ ನಿಜವಾಗಿ ಕಾಲ್ನಡಿಗೆಯಲ್ಲಿ ಬಂದು, ಆ ಅನುಭವವನ್ನು ಬರೆದಿಟ್ಟವನು ಪುಷ್ಪದಂತ. ಅಪಭ್ರಂಶ ಭಾಷೆಯ ದೊಡ್ಡ ಕವಿ. ಮುಮ್ಮಡಿ ಕೃಷ್ಣ ಆಳುತ್ತಿದ್ದ ಕಾಲ, ಹತ್ತನೆಯ ಶತಮಾನದ ನಡುಭಾಗ. ದೂರದಿಂದ ನಡೆದು ದಣಿದಿದ್ದ ಕವಿ ನಗರದ ಹೊರಗಿನ ಉದ್ಯಾನವೊಂದರಲ್ಲಿ ಕುಳಿತುಬಿಟ್ಟ. ಇಬ್ಬರು ಪುರುಷರು ಬಂದು, ಇಂಥ ನಗರ ಎದುರಿಗಿರುವಾಗ ಒಳಗೆ ಬರದೆ ಇಲ್ಲೇಕೆ ಕುಳಿತಿರಿ ಎಂದು ವಿಚಾರಿಸಿದರು. ಅರಸರ ದರ್ಬಾರು, ಸಿರಿವಂತರ ಗರ್ವ ಇವುಗಳಿಂದ ರೋಸಿಹೋಗಿದ್ದ ಆತ ಒಳಗೆ ಬರಲು ಮನಸ್ಸು ಮಾಡಲಿಲ್ಲ. ಅವರು ಬಿಡದೆ ಒಪ್ಪಿಸಿ ಮಂತ್ರಿ ಭರತನ ಮನೆಗೆ ಕರೆದೊಯ್ದರು. ಭರತ ಆದರದಿಂದ ಇರಿಸಿಕೊಂಡ. ಅಲ್ಲಿಯೇ ಪುಷ್ಪದಂತ 959ರಲ್ಲಿ ಆರಂಭಿಸಿ 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದ.

ಈ ಪ್ರಸಂಗದಲ್ಲಿ ಕೋಟೆಯ ಎತ್ತರವಾಗಲಿ ಅರಮನೆಯ ವೈಭವವಾಗಲಿ ಮುಖ್ಯವಲ್ಲ. ಅಪರಿಚಿತನೊಬ್ಬ ಊರಾಚೆ ಕುಳಿತಿದ್ದಾನೆಂದು ತಿಳಿದು ಹೋಗಿ ಮಾತನಾಡಿಸಿದ ಇಬ್ಬರು, ಬೇರೆ ಭಾಷೆಯ ಕವಿಗೆ ಮನೆ ಬಿಟ್ಟುಕೊಟ್ಟ ಒಬ್ಬ ಮಂತ್ರಿ. ನಗರದ ಮೊದಲ ಪರಿಚಯ ಆ ಕವಿಗೆ ಆದದ್ದು ಮನುಷ್ಯರ ಮೂಲಕ. ಅದೇ ಕಾಲದಲ್ಲಿ ಕನ್ನಡದ ಪೊನ್ನನೂ ಕೃಷ್ಣನ ಆಶ್ರಯದಲ್ಲಿದ್ದ. ಸಂಸ್ಕೃತ, ಪ್ರಾಕೃತ, ಅಪಭ್ರಂಶ, ಕನ್ನಡ ಎಲ್ಲಕ್ಕೂ ಇಲ್ಲಿ ಜಾಗವಿತ್ತು.

ಎಣಿಸಿ ನೋಡಬಹುದಾದ ಸಂಪತ್ತು

ಅಮೋಘವರ್ಷನ ಕಾಲದ ಎರಡು ಪುಸ್ತಕಗಳನ್ನು ಈ ಭಾಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಒಂದು 'ಕವಿರಾಜಮಾರ್ಗ', ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ, ಸುಮಾರು 850ರದು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಎಲ್ಲೆಯನ್ನು ಗುರುತಿಸಿದ ಪುಸ್ತಕ ಅದು. ಇನ್ನೊಂದು ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಸಂಸ್ಕೃತದಲ್ಲಿರುವ ಈ ಗಣಿತ ಗ್ರಂಥ ಆರಂಭದಲ್ಲಿಯೇ ಅಮೋಘವರ್ಷನನ್ನು ಸ್ತುತಿಸುತ್ತದೆ. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು, ಗ್ರಹಗಳ ಚಲನೆ, ಎಲ್ಲದರಲ್ಲೂ ಗಣಿತ ಬೇಕೆಂದು ಅದು ಸಾರುತ್ತದೆ.

ಮಹಾವೀರನಿಗೆ ಮಾಲೆಯಂತೆ ಎರಡು ಕಡೆಯಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆಗಳೆಂದರೆ ಪ್ರೀತಿ. 139ನ್ನು 109ರಿಂದ ಗುಣಿಸಿದರೆ 15151. ಇದು ಅವನು ಕೊಟ್ಟ ಉದಾಹರಣೆ. ಇನ್ನೊಂದು, 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು: 11111111. ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಋಣಸಂಖ್ಯೆಗೆ ವರ್ಗಮೂಲವಿಲ್ಲ, ಏಕೆಂದರೆ ಯಾವ ಸಂಖ್ಯೆಯ ವರ್ಗವೂ ಋಣವಾಗದು ಎಂದು ಅವನು ಸ್ಪಷ್ಟವಾಗಿ ಹೇಳಿದ. ಹೈಸ್ಕೂಲಿನಲ್ಲಿ ಇಂದಿಗೂ ಇದನ್ನೇ ಕಲಿಸುತ್ತಾರೆ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂಬ ಅವನ ಮಾತು ತಪ್ಪು. ಸೊನ್ನೆಯಿಂದ ಭಾಗಿಸುವ ಪ್ರಶ್ನೆ ಅವನ ನಂತರವೂ ಗಣಿತಜ್ಞರನ್ನು ಬಹಳ ಕಾಲ ಕಾಡಿತು.

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚು ಮಾಡಿಸಿದರು. ಆಗ ಜಗತ್ತಿನ ಗಣಿತ ಚರಿತ್ರೆಕಾರರು ಈ ಗ್ರಂಥದತ್ತ ತಿರುಗಿ ನೋಡಿದರು.

972ರ ಬೆಂಕಿ

ರಾಜಧಾನಿಯ ಅಂತ್ಯ ಬಂದದ್ದು 972ರಲ್ಲಿ. ಕೃಷ್ಣನ ನಂತರ ಅವನ ತಮ್ಮ ಖೊಟ್ಟಿಗ ಆಳುತ್ತಿದ್ದಾಗ ಮಾಳವದ ಪರಮಾರ ಅರಸ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ. ಈ ಘಟನೆಯ ಕಾಲ ನಮಗೆ ತಿಳಿಯುವುದು ಹೇಗೆ ಎಂಬುದು ಸ್ವಾರಸ್ಯದ ಸಂಗತಿ. ಗೆದ್ದವರ ರಾಜಧಾನಿ ಧಾರಾನಗರದಲ್ಲಿ ಧನಪಾಲನೆಂಬ ಪಂಡಿತನಿದ್ದ. ತನ್ನ ತಂಗಿ ಸುಂದರಿಗಾಗಿ ಅವನು 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟು ಬರೆದ. ಮಾಳವದವರ ದಾಳಿಗೆ ಸಿಕ್ಕಿ ಮಣ್ಣಖೇಡ ಲೂಟಿಯಾದ ವಿಕ್ರಮ ಸಂವತ್ 1029ರಲ್ಲಿ ಇದನ್ನು ಮುಗಿಸಿದೆ ಎಂದು ಕೊನೆಯಲ್ಲಿ ನಮೂದಿಸಿದ. ಅಣ್ಣ ತಂಗಿಗೆ ಬರೆದುಕೊಟ್ಟ ಶಬ್ದಕೋಶವೊಂದು ಸಾಮ್ರಾಜ್ಯದ ಕೊನೆಯ ದಿನಗಳಿಗೆ ಸಾಕ್ಷಿಯಾಯಿತು. 'ಮಾನ್ಯಖೇಟ' ಎಂಬ ಹೆಸರು 'ಮಳಖೇಡ' ಆಗುವ ದಾರಿಯಲ್ಲಿ ಎಲ್ಲಿಗೆ ಬಂದಿತ್ತು ಎಂಬುದನ್ನೂ ಈ 'ಮಣ್ಣಖೇಡ' ತೋರಿಸುತ್ತದೆ.

ಸೋತವರ ಕಡೆಯ ಸಾಕ್ಷಿ ಪುಷ್ಪದಂತನದು. ಧಾರೆಯ ಅರಸನ ಕೋಪಕ್ಕೆ ನಗರ ಸುಟ್ಟುಹೋಯಿತು, ಇನ್ನು ತಾನು ಎಲ್ಲಿ ವಾಸಿಸಲಿ ಎಂದು ಅವನು ಮರುಗಿದ. ಒಳಗೆ ಬರಲು ಒಮ್ಮೆ ಮನಸ್ಸಿಲ್ಲದೆ ಹೊರಗೆ ಕುಳಿತಿದ್ದವನೇ ಅದನ್ನು ತನ್ನ ಊರೆಂದು ಅತ್ತ. ಮರುವರ್ಷವೇ, 973ರಲ್ಲಿ, ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರು ರಾಜಧಾನಿಯನ್ನು ಕಲ್ಯಾಣಕ್ಕೆ ಸಾಗಿಸಿದ ಮೇಲೆ ಮಾನ್ಯಖೇಟ ಮೆಲ್ಲಗೆ ಮಳಖೇಡವಾಯಿತು.

ಹೊತ್ತೊಯ್ಯಬಹುದಾದದ್ದನ್ನು ದಂಡು ಹೊತ್ತೊಯ್ಯುತ್ತದೆ. ಸುಡಬಹುದಾದದ್ದನ್ನು ಬೆಂಕಿ ಸುಡುತ್ತದೆ. ಉಳಿದ ಕಲ್ಲು ಮುಂದಿನವರ ಮನೆಗೆ ಅಡಿಪಾಯವಾಗುತ್ತದೆ. ಹಾಗಾದರೆ ರಾಷ್ಟ್ರಕೂಟರದು ಉಳಿದದ್ದು ಏನು? ಒಂದು, ಎಲ್ಲೋರದ ಕೈಲಾಸ ದೇವಾಲಯ. ಅದು ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ್ದು, ಕಿತ್ತುಕೊಂಡು ಹೋಗಲಾಗದು. ಇನ್ನೊಂದು, ಪುಸ್ತಕಗಳು. ಅವುಗಳ ಪ್ರತಿಗಳು ಒಂದೇ ಊರಿನಲ್ಲಿರಲಿಲ್ಲ. ತಾಳೆಗರಿಯ ಮೇಲೆ ಮತ್ತೆ ಮತ್ತೆ ನಕಲಾಗಿ ದೂರದ ಮಠಗಳಲ್ಲಿ, ಬಸದಿಗಳಲ್ಲಿ, ಓದುವವರ ಮನೆಗಳಲ್ಲಿ ಹರಡಿಕೊಂಡಿದ್ದವು. ಒಂದು ನಗರವನ್ನು ಸುಡಬಹುದು, ಹತ್ತು ಊರಿನಲ್ಲಿರುವ ಪುಸ್ತಕವನ್ನು ಸುಡುವುದು ಕಷ್ಟ.

ಈ ಸೀಮೆಯಲ್ಲಿ ಓದು ಕೂಡ ನಗರದೊಂದಿಗೆ ಸುಟ್ಟುಹೋಗಲಿಲ್ಲ. ಲೂಟಿಯಾದ 86 ವರ್ಷಗಳ ನಂತರ, 1058ರ ಶಾಸನವೊಂದು ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿದ್ದ ಘಟಿಕಾಸ್ಥಾನವನ್ನು, ಎಂದರೆ ಉನ್ನತ ವಿದ್ಯಾಲಯವನ್ನು, ವಿವರಿಸುತ್ತದೆ. ವೇದ ಓದುವವರು, ಶಾಸ್ತ್ರ ಓದುವವರು, ಅವರಿಗೆ ಪಾಠ ಹೇಳುವವರು, ಇವರೊಂದಿಗೆ ಆರು ಮಂದಿ 'ಸರಸ್ವತೀ ಭಂಡಾರಿಗರು'. ಇವರು ಗ್ರಂಥಪಾಲಕರು. ಒಂದು ವಿದ್ಯಾಲಯಕ್ಕೆ ಆರು ಜನ ಗ್ರಂಥಪಾಲಕರಿದ್ದರೆಂದರೆ ಅಲ್ಲಿ ಎಷ್ಟು ಗ್ರಂಥಗಳಿದ್ದಿರಬೇಕು ಎಂದು ಇಂದಿನ ಶಾಲಾ ಗ್ರಂಥಾಲಯಗಳ ಬೀರುಗಳ ಎದುರು ನಿಂತು ಯೋಚಿಸಬೇಕು.

ಎದ್ದು ನಿಂತ ಕೋಟೆಗೂ ಕಷ್ಟ

ಜೈಸಲ್ಮೇರ್ ಉಳಿಯಿತು, ಮಾನ್ಯಖೇಟ ಅಳಿಯಿತು ಎಂದು ಹೇಳಿ ಮುಗಿಸುವಂತಿಲ್ಲ. ನಿಂತಿರುವ ಕೋಟೆಗೂ ತನ್ನದೇ ಕಷ್ಟವಿದೆ. ಮರುಭೂಮಿಯಲ್ಲಿ ಹನಿ ಹನಿ ಲೆಕ್ಕ ಹಾಕಿ ಬಳಸುತ್ತಿದ್ದ ಕಾಲಕ್ಕೆ ಕಟ್ಟಿದ ಜೈಸಲ್ಮೇರಿನ ಕೋಟೆಗೆ ಇತ್ತೀಚಿನ ದಶಕಗಳಲ್ಲಿ ನಲ್ಲಿ ನೀರು ಬಂತು, ವಸತಿಗೃಹಗಳು ಹೆಚ್ಚಿದವು. ಬಳಸಿದ ನೀರು ಸರಿಯಾಗಿ ಹರಿದುಹೋಗದೆ ಗುಡ್ಡದೊಳಕ್ಕೆ ಇಂಗಿ, ಬುನಾದಿ ಸಡಿಲವಾಗಿ, ಗೋಡೆ ಬುರುಜುಗಳು ಕುಸಿದವು. 1996ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ರಾಜಸ್ಥಾನದ ಇತರ ಗಿರಿದುರ್ಗಗಳೊಂದಿಗೆ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಮಳೆಯೇ ಕಡಿಮೆಯಿರುವ ಊರಿನ ಕೋಟೆಗೆ ನೀರಿನಿಂದಲೇ ಆಪತ್ತು!

ಮಳಖೇಡದ ಅಪಾಯ ಇನ್ನೊಂದು ಬಗೆಯದು. ಅಲ್ಲಿ ಕೋಟೆಯನ್ನು ಬಹಳ ಜನ ಬಳಸುವುದರಿಂದ ಕೇಡು. ಇಲ್ಲಿ ಯಾರೂ ಗಮನಿಸದೆ ಇರುವುದರಿಂದ ಕೇಡು. ಗೋಡೆಯ ಕಲ್ಲೊಂದು ಸಡಿಲವಾಗಿ ಬಿದ್ದರೆ ಅದು ಯಾರದೋ ಹಿತ್ತಲಿನ ಕಟ್ಟೆಯಾಗಬಹುದು. ಮನೆಯ ಪಾಯ ತೋಡುವಾಗ ಹಳೆಯ ಇಟ್ಟಿಗೆಯ ಸಾಲು ಸಿಕ್ಕರೆ ಯಾರೂ ಬರೆದುಕೊಳ್ಳದೆ ಮುಚ್ಚಿಹೋಗಬಹುದು. ಮಣ್ಣಿನ ಪದರಗಳು ಪುಸ್ತಕದ ಹಾಳೆಗಳಿದ್ದಂತೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಯಾವ ವಸ್ತು ಯಾವ ಪದರದಲ್ಲಿತ್ತು ಎಂಬುದೇ ಅದರ ವಯಸ್ಸಿನ ಸಾಕ್ಷಿ. ಒಂದು ಮಡಕೆಯ ಚೂರನ್ನು ಎತ್ತಿ ಜೇಬಿಗೆ ಹಾಕಿಕೊಂಡರೆ ಚೂರು ಉಳಿಯುತ್ತದೆ, ಸಾಕ್ಷಿ ನಾಶವಾಗುತ್ತದೆ. ತಾಳೆಗರಿಯನ್ನು ನಕಲು ಮಾಡಿ ಉಳಿಸಿಕೊಂಡೆವು. ಅಗೆದು ಕದಡಿದ ಮಣ್ಣಿಗೆ ನಕಲಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಶೈಕ್ಷಣಿಕ ಪ್ರವಾಸವೆಂದರೆ ಮೈಸೂರು, ಹಂಪಿ, ದೂರವಾದರೆ ರಾಜಸ್ಥಾನ. ಅವೆಲ್ಲ ಹೋಗಬೇಕಾದ ಜಾಗಗಳೇ. ಆದರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಶಾಲೆಗಳಿಗೆ ಮಳಖೇಡ ಮತ್ತು ನಾಗಾವಿ ಒಂದೇ ದಿನದ ದಾರಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ. ಬಿಸಿಲಿನ ತಿಂಗಳು ಬಿಟ್ಟು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಕಾಗಿಣೆ ಉಕ್ಕಿದರೆ ದಾರಿಯೇ ನಿಲ್ಲುವುದುಂಟು; ವಿಚಾರಿಸಿಕೊಂಡು ಹೊರಡಬೇಕು.

ಹೋಗುವ ಮುನ್ನ ಮಕ್ಕಳು ಒಂದು ಭೂಪಟವನ್ನೂ ಒಂದು ಕಾಲರೇಖೆಯನ್ನೂ ತಾವೇ ಬರೆದುಕೊಳ್ಳಲಿ: 814, 850, 851, 915, 959, 972, 1058. ಹೋದ ಮೇಲೆ ಕೋಟೆಯ ಗೋಡೆಯನ್ನು ದೂರದಿಂದ ನೋಡಿ ತೃಪ್ತರಾಗದೆ ಹತ್ತಿರ ಹೋಗಲಿ. ಒಂದು ಕಲ್ಲಿಗೂ ಇನ್ನೊಂದಕ್ಕೂ ಅಳತೆ ಹೊಂದುತ್ತದೆಯೇ? ಕೆತ್ತನೆಯಿರುವ ಕಲ್ಲು ಸಾದಾ ಗೋಡೆಯಲ್ಲಿ ಅಡ್ಡಾದಿಡ್ಡಿ ಕೂತಿದೆಯೇ? ಹಾಗೆ ಕೂತಿದ್ದರೆ ಅದು ಬೇರೆ ಕಟ್ಟಡದಿಂದ ಬಂದದ್ದೆಂದು ತಿಳಿಯಬೇಕು. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಅಂಕಣ ಮಾಡಿ ಬರೆದುಕೊಳ್ಳಲಿ. ಊರಿನ ಹಿರಿಯರನ್ನು ಮಾತನಾಡಿಸಲಿ. ಚೂರು, ನಾಣ್ಯ, ಶಿಲ್ಪ ಯಾವುದೇ ಕಂಡರೂ ಎತ್ತಿಕೊಳ್ಳದೆ ಇದ್ದ ಜಾಗದಲ್ಲೇ ಬಿಟ್ಟು, ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಲಿ. ಗೋಡೆಯ ಮೇಲೆ ಹೆಸರು ಕೆತ್ತುವ ಕೆಟ್ಟ ಅಭ್ಯಾಸವನ್ನಂತೂ ಮೊದಲೇ ಬಿಡಿಸಬೇಕು.

ತಂದೆ ತಾಯಂದಿರಿಗೂ ಒಂದು ಮಾತು. ಮಗು ಹಿಂದಿರುಗಿ ಬಂದು 'ಅಲ್ಲಿ ನೋಡಲು ಏನೂ ಇರಲಿಲ್ಲ' ಎಂದರೆ ಸಿಟ್ಟಾಗಬೇಡಿ. ಅದು ಪ್ರಾಮಾಣಿಕವಾದ ಮೊದಲ ನೋಟ. 'ಏನಿತ್ತು, ಏನಿರಲಿಲ್ಲ, ಇಲ್ಲದ್ದು ಎಲ್ಲಿಗೆ ಹೋಯಿತು?' ಎಂದು ಮೂರು ಪ್ರಶ್ನೆ ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಮಗುವಿಗೆ ಕಲ್ಲಿನ ಪಾಠ, ಗಣಿತದ ಪಾಠ, ಇತಿಹಾಸದ ಪಾಠ ಒಟ್ಟಿಗೇ ಸಿಗುತ್ತವೆ. ಖಲೀಫನ ಸಾಲಿನಲ್ಲಿ ಎಣಿಸಿಕೊಂಡ ಅರಸರ ರಾಜಧಾನಿ ತನ್ನ ಊರಿನಿಂದ ಬಸ್ಸಿನ ದೂರದಲ್ಲಿತ್ತು ಎಂದು ತಿಳಿದ ಮಗು, ಮುಂದೆ ತನ್ನ ಊರನ್ನು ಹಿಂದುಳಿದದ್ದೆಂದು ಯಾರಾದರೂ ಹಗುರವಾಗಿ ಆಡಿದರೆ ತಲೆ ತಗ್ಗಿಸುವುದಿಲ್ಲ.